ಗಾಡಿಯ ಹೊಟ್ಟೆಯೊಳಗಿನ ಬೆಲ್ಟು

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಅವರ ಯಜಮಾನರು ಬಾಡಿಗೆ ಕಾರು ಓಡಿಸ್ತಾರೆ. ಹಳೇ ಡೀಸೆಲ್ ಕಾರು. ಇನ್ನೊಬ್ಬರಿಂದ ಕೊಂಡದ್ದು. ಸಾಲದ ಪತ್ರಕ್ಕೆ ಅಕ್ಕನೂ ರುಜು ಹಾಕಿದ್ದಾರೆ.

ಒಂದು ದಿನ ಮೆಕ್ಯಾನಿಕ್ ಹೇಳಿದ, "ಟೈಮಿಂಗ್ ಬೆಲ್ಟು ಬದಲಾಯಿಸಿ ಅಣ್ಣ, ಆರು ಸಾವಿರ ಆಗ್ತದೆ."

"ಗಾಡಿ ಚೆನ್ನಾಗೇ ಓಡ್ತಾ ಇದೆಯಲ್ಲ! ಒಂದು ರಬ್ಬರು ಪಟ್ಟಿಗೆ ಆರು ಸಾವಿರವಾ?" ಅಂದರು ಯಜಮಾನರು. ಹಾಕಿಸಲಿಲ್ಲ.

ಎರಡು ತಿಂಗಳು ಕಳೀತು. ಧರ್ಮಸ್ಥಳಕ್ಕೆ ಬಾಡಿಗೆ ಸಿಕ್ಕಿತು. ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಕಾರು ಗಕ್ಕನೆ ನಿಂತಿತು. ಬೆಲ್ಟು ಹರಿದಿತ್ತು. ಇಂಜಿನ್ ಬಿಚ್ಚಿ ರಿಪೇರಿ ಮಾಡಿಸೋಕೆ ಐವತ್ತು ಸಾವಿರ ದಾಟಿತು. ಅಕ್ಕನ ಓಲೆ ಅಡ ಹೋಯಿತು. ಗಾಡಿ ನಿಂತರೂ ಸಾಲದ ಕಂತು ನಿಲ್ಲಲಿಲ್ಲ.

ಒಂದು ಬೆಲ್ಟು ಹರಿದರೆ ಇಷ್ಟು ನಷ್ಟ ಯಾಕೆ?

ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಿ ಕುಟ್ಟೋದನ್ನು ನೀವು ನೋಡಿರಬಹುದು. ಒಬ್ಬರ ಒನಕೆ ಮೇಲೆ ಹೋದಾಗ ಇನ್ನೊಬ್ಬರದು ಕೆಳಗೆ ಬರ್ತದೆ. ತಾಳ ತಪ್ಪಿದರೆ ಒನಕೆಗೆ ಒನಕೆ ಬಡೀತದೆ.

ಇಂಜಿನ್ನಿನ ಒಳಗೂ ಹೀಗೇ. ಅಲ್ಲಿ ಪಿಸ್ಟನ್ ಅನ್ನೋ ಭಾಗ ಮೇಲೆ ಕೆಳಗೆ ಓಡಾಡ್ತದೆ. ಅದರ ನೆತ್ತಿಯ ಮೇಲೆ ಪುಟ್ಟ ಬಾಗಿಲುಗಳಿವೆ. ಅವಕ್ಕೆ ವಾಲ್ವು ಅಂತಾರೆ. ಒಂದು ಬಾಗಿಲು ಗಾಳಿಯನ್ನು ಒಳಗೆ ಬಿಡ್ತದೆ. ಇನ್ನೊಂದು ಹೊಗೆಯನ್ನು ಹೊರಗೆ ಬಿಡ್ತದೆ. ಬಾಗಿಲು ತೆರೆಯೋದು ಕೆಳಮುಖವಾಗಿ, ಪಿಸ್ಟನ್ ಬರೋ ಜಾಗಕ್ಕೇ. ಅದಕ್ಕೇ ಇಬ್ಬರೂ ಸರದಿ ಪ್ರಕಾರ ನಡೀಬೇಕು.

ಈ ಸರದಿ ಕಾಯೋದೇ ಟೈಮಿಂಗ್ ಬೆಲ್ಟಿನ ಕೆಲಸ. ಅದು ಹಲ್ಲುಗಳಿರುವ ರಬ್ಬರು ಬೆಲ್ಟು. ಕೆಳಗಿನ ಚಕ್ರ ಎರಡು ಸುತ್ತು ತಿರುಗಿದರೆ ಮೇಲಿನ ಚಕ್ರ ಒಂದು ಸುತ್ತು ತಿರುಗಬೇಕು. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಬಾಗಿಲೂ ಸೆಕೆಂಡಿಗೆ 25 ಸಲ ತೆರೀತದೆ! ಆಗ ಬೆಲ್ಟು ಹರಿದರೆ ಬಾಗಿಲು ತೆರೆದೇ ನಿಲ್ತದೆ, ಪಿಸ್ಟನ್ ಬಂದು ಬಡೀತದೆ. ವಾಲ್ವು ಬಾಗ್ತದೆ. ಕೆಲವು ಪೆಟ್ರೋಲ್ ಕಾರುಗಳಲ್ಲಿ ಇಂಜಿನ್ ಸುಮ್ಮನೆ ನಿಂತುಬಿಡ್ತದೆ, ಬೇರೇನೂ ಮುರಿಯೋದಿಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಜಾಗ ಬಹಳ ಕಿರಿದು, ಅಪಾಯ ಹೆಚ್ಚು.

ಈ ಬೆಲ್ಟು ಸಾಮಾನ್ಯವಾಗಿ ಮೊದಲೇ ಸದ್ದು ಮಾಡಿ ಎಚ್ಚರಿಸೋದಿಲ್ಲ. ಇಷ್ಟು ಕಿಲೋಮೀಟರ್, ಇಲ್ಲವೇ ಇಷ್ಟು ವರ್ಷ ಅಂತ ಲೆಕ್ಕ ಇಟ್ಟೇ ಬದಲಾಯಿಸಬೇಕು. ಗಾಡಿ ನಿಂತೇ ಇದ್ದರೂ ರಬ್ಬರು ಹಳತಾಗ್ತದೆ. ಆ ಲೆಕ್ಕ ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಇರ್ತದೆ. ಕೆಲವಕ್ಕೆ 60,000 ಕಿಲೋಮೀಟರ್, ಕೆಲವಕ್ಕೆ ಒಂದು ಲಕ್ಷ. ಹಳೇ ಗಾಡಿ ಕೊಂಡಾಗ ಹಿಂದಿನವರು ಯಾವಾಗ ಬದಲಾಯಿಸಿದರು ಅಂತ ಬಿಲ್ಲು ಕೇಳಿ. ಬಿಲ್ಲು ಇಲ್ಲವಾ? ಹಾಗಾದರೆ ಬದಲಾಯಿಸಿಲ್ಲ ಅಂತಲೇ ತಿಳೀರಿ.

ಎಲ್ಲ ಕಾರಿನಲ್ಲೂ ಬೆಲ್ಟು ಇರೋದಿಲ್ಲ. ಹಳೇ ಮಾರುತಿ 800, ಓಮ್ನಿ ಗಾಡಿಗಳಲ್ಲಿ ಬೆಲ್ಟು ಇದೆ. ಡೀಸೆಲ್ ಸ್ವಿಫ್ಟ್‌ನಲ್ಲಿ ಕಬ್ಬಿಣದ ಚೈನು ಇದೆ. ಚೈನು ಇರುವ ಗಾಡಿಗೆ ಟೈಮಿಂಗ್ ಬೆಲ್ಟು ಹಾಕಿದೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನು ಆರು ಸಾವಿರದ ಮಾತು. ಬರೀ ಬೆಲ್ಟಿನ ಬೆಲೆ ಅದರಲ್ಲಿ ಕಡಿಮೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಅನ್ನೋ ಗಾಲಿಯನ್ನೂ ಬದಲಾಯಿಸಬೇಕು. ಕೆಲವು ಗಾಡಿಗಳಲ್ಲಿ ನೀರಿನ ಪಂಪನ್ನೂ ಇದೇ ಬೆಲ್ಟು ತಿರುಗಿಸ್ತದೆ. ಪಂಪು ಹಳೇದಾಗಿದ್ದರೆ ಆಗಲೇ ಹಾಕಿಸೋದು ಲಾಭ, ಇಲ್ಲದಿದ್ದರೆ ಮತ್ತೆ ಅದೇ ಬಿಚ್ಚೋ ಕೂಲಿ ಕೊಡಬೇಕು. ಕೂಲಿಯೂ ಸುಮ್ಮನೆ ಅಲ್ಲ. ಬೆಲ್ಟಿನ ಹತ್ತಿರ ಹೋಗೋಕೆ ಮುಚ್ಚಳ, ಬೇರೆ ಬೆಲ್ಟು ಎಲ್ಲ ತೆಗೀಬೇಕು. ಚಕ್ರಗಳ ಗುರುತು ಸರಿಯಾಗಿ ಕೂರಿಸಬೇಕು. ಒಂದು ಹಲ್ಲು ತಪ್ಪಿದರೂ ಗಾಡಿ ಸರಿಯಾಗಿ ಓಡೋದಿಲ್ಲ.

ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಓದದೆ ದುಡ್ಡು ಎಣಿಸಿ ಕೊಡೋದೂ ಒಪ್ಪಿಗೆ ಇಲ್ಲ. ಬಿಲ್ಲಿನಲ್ಲಿ ಬರೀ 'ಬೆಲ್ಟು' ಅಂತ ಇದ್ದರೆ ಯಾವ ಬೆಲ್ಟು ಅಂತ ಕೇಳಿ. ಹೊರಗಡೆ ಕಾಣುವ ಫ್ಯಾನ್ ಬೆಲ್ಟೇ ಬೇರೆ, ಅದು ಅಗ್ಗ. ತೆಗೆದ ಹಳೇ ಬೆಲ್ಟನ್ನು ಮನೆಗೆ ತನ್ನಿ. ಮೀಟರಿನ ಅಂಕಿ, ತಾರೀಕು ಎರಡನ್ನೂ ಬಿಲ್ಲಿನಲ್ಲಿ ಬರೆಸಿ.

ಒಂದು ಲೆಕ್ಕ ಮಾಡೋಣ. 60,000 ಕಿಲೋಮೀಟರಿಗೆ 6,000 ರೂಪಾಯಿ. ಅಂದರೆ ಕಿಲೋಮೀಟರಿಗೆ 10 ಪೈಸೆ. ಗಾಡಿ ತಿಂಗಳಿಗೆ 2,500 ಕಿಲೋಮೀಟರ್ ಓಡಿದರೆ ತಿಂಗಳಿಗೆ 250 ರೂಪಾಯಿ ಎತ್ತಿಡಬೇಕು. ಎರಡು ವರ್ಷಕ್ಕೆ ಬೆಲ್ಟಿನ ದುಡ್ಡು ಕೂಡ್ತದೆ. ಗಾಡಿಯ ವಿಮೆ ಇದೆಯಲ್ಲ ಅಂತೀರಾ? ಮಾಮೂಲಿ ವಿಮೆ ಅಪಘಾತಕ್ಕೆ, ಕಳ್ಳತನಕ್ಕೆ. ಬೆಲ್ಟು ಸವೆದು ಹರಿದರೆ ಅದು ಕೊಡೋದಿಲ್ಲ.

ಆ ಅಕ್ಕ ಈಗ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾರೆ: 'ಬೆಲ್ಟು ಹಾಕಿದ್ದು 1,20,000. ಮುಂದೆ 1,80,000.' ಪ್ರತಿ ತಿಂಗಳು ಕಂತು ಕಟ್ಟುವ ದಿನ ಕಾರಿನ ಬಾಗಿಲು ತೆಗೆದು ಮೀಟರ್ ಓದ್ತಾರೆ. ಹೋದ ತಿಂಗಳು 1,41,300 ಇತ್ತು.