ಹಿಮ್ಮಡಿಯ ಮೇಲೆ 27 ಸುತ್ತು

ಕಥಕ್ ಕಾರ್ಯಕ್ರಮದ ಕೊನೆಕೊನೆಗೆ ತಬಲಾ ಒಂದೇ ನುಡಿತ ಮೂರು ಸಲ ಮರಳುವ ತಿಹಾಯಿ ಹಿಡಿಯುತ್ತಿದ್ದಂತೆ ಸಭೆಯಲ್ಲಿ ಕೆಲವರು ಬೆರಳು ಮಡಿಸಿ ಎಣಿಸತೊಡಗುತ್ತಾರೆ. 9 ಸುತ್ತು, ಅರೆಕ್ಷಣದ ನಿಲುಗಡೆ, ಮತ್ತೆ 9, ಮತ್ತೆ 9. 27ನೆಯದು ಸಮ್ ಮೇಲೆ, ಅಂದರೆ ತಾಳದ ಮೊದಲ ಮಾತ್ರೆಯ ಮೇಲೆ, ಬಂದು ಕೂತಿತೆಂದರೆ ಚಪ್ಪಾಳೆ. ನೃತ್ಯ ಕಲಿಯುತ್ತಿರುವವರು ಮಾತ್ರ ಎಣಿಸುವ ಗೋಜಿಗೆ ಹೋಗುವುದಿಲ್ಲ; ಅವರ ಕಣ್ಣು ಕಲಾವಿದೆಯ ಎಡಗಾಲಿನ ಹಿಮ್ಮಡಿಯ ಮೇಲಿರುತ್ತದೆ. ಮೊದಲ ಸುತ್ತು ಶುರುವಾದ ಜಾಗದಲ್ಲೇ ಕೊನೆಯದೂ ಮುಗಿಯಿತೇ ಎಂಬುದು ಅವರ ಕುತೂಹಲ. ಯಾಕೆಂದರೆ ತಾವು ಅಭ್ಯಾಸ ಮಾಡುವಾಗ ಐದಾರು ಸುತ್ತಿಗೆಲ್ಲ ಗೋಡೆಯೇ ಎದುರಿಗೆ ಬಂದಿರುತ್ತದೆ.

ಹೀಗೆ ಜಾರುವುದಕ್ಕೆ ಕೇಳಿಬರುವ ಸಮಜಾಯಿಷಿ ಎರಡು: ‘ತಲೆ ಸುತ್ತಿತು’, ಇಲ್ಲವೇ ‘ರಭಸ ಸಾಲಲಿಲ್ಲ’. ಎರಡರಲ್ಲೂ ಸತ್ಯವಿದೆ, ಆದರೆ ಸ್ವಲ್ಪವೇ. ಚಕ್ಕರ್, ಅಂದರೆ ಈ ಸುತ್ತು, ಕೆಟ್ಟಿರುವುದು ಬಹಳ ಸಲ ತಿರುಗಲು ಶುರುಮಾಡುವ ಮೊದಲೇ, ನಿಂತ ನಿಲುವಿನಲ್ಲಿ. ತಿರುಗುವಾಗ ಆ ತಪ್ಪು ದೊಡ್ಡದಾಗಿ ಕಾಣುತ್ತದೆ, ಅಷ್ಟೆ.

‘ಬುಗುರಿಯ ಹಾಗೆ ತಿರುಗು’ ಎಂದು ಹೇಳಿಕೊಡುವವರಿದ್ದಾರೆ. ಮಾತು ಚೆಂದ, ಪಾಠಕ್ಕೆ ಬಾರದು. ಬುಗುರಿ ನೆಟ್ಟಗೆ ನಿಲ್ಲುವುದು ಅದರ ವೇಗದ ದೆಸೆಯಿಂದ. ಮನುಷ್ಯರ ದೇಹವನ್ನು ಬರೀ ವೇಗದ ಬಲದಿಂದ ಹಾಗೆ ನಿಲ್ಲಿಸಬೇಕಾದರೆ ಸೆಕೆಂಡಿಗೆ ಹತ್ತಾರು ಸುತ್ತು ಬೇಕಾಗುತ್ತದೆ. ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವ ನುರಿತವರೇ ಸೆಕೆಂಡಿಗೆ ಐದರ ಆಸುಪಾಸಿನಲ್ಲಿ ತಿರುಗುತ್ತಾರೆ. ಬರಿಗಾಲಿನಲ್ಲಿ ನೆಲದ ಮೇಲೆ ಕುಣಿಯುವವರಿಗೆ ಎರಡು ಬಂದರೆ ಬಹಳವಾಯಿತು. ಹಾಗಾಗಿ ವೇಗ ನಮ್ಮ ಕೈ ಹಿಡಿಯುವುದಿಲ್ಲ. ಸುಮ್ಮನೆ ನಿಂತಾಗ ಬೀಳದಿರಲು ಏನು ಬೇಕೋ ತಿರುಗುವಾಗಲೂ ಅದೇ ಬೇಕು: ಹೊಕ್ಕಳಿಗಿಂತ ತುಸು ಕೆಳಗಿರುವ ಗುರುತ್ವಕೇಂದ್ರ, ಪಾದ ನೆಲಕ್ಕೆ ತಾಗಿರುವ ಜಾಗದ ನೇರ ಮೇಲೆ ಬರಬೇಕು. ನಿಂತಾಗ ಮುಂದಕ್ಕೆ ವಾಲಿದರೆ ಕಾಲ್ಬೆರಳು ಒತ್ತಿ ಹಿಂದಕ್ಕೆ ಬರುತ್ತೇವೆ. ತಿರುಗುವಾಗ ಆ ಅನುಕೂಲವಿಲ್ಲ. ಈಗ ಎದುರಿಗಿದ್ದ ವಾಲು ಕಾಲು ಸೆಕೆಂಡಿನಲ್ಲಿ ಪಕ್ಕಕ್ಕೆ ಬಂದಿರುತ್ತದೆ, ಇನ್ನೊಂದು ಕಾಲು ಸೆಕೆಂಡಿಗೆ ಬೆನ್ನ ಹಿಂದಿರುತ್ತದೆ. ತಿದ್ದಿಕೊಳ್ಳಲು ಸ್ನಾಯುಗಳಿಗೆ ಪುರುಸೊತ್ತೇ ಇರುವುದಿಲ್ಲ.

ಕಥಕ್ ಈ ಲೆಕ್ಕವನ್ನು ಬಗೆಹರಿಸಿಕೊಂಡ ರೀತಿ ಬ್ಯಾಲೆಗಿಂತ ಬೇರೆ. ಬ್ಯಾಲೆಯ ಪಿರೂಯೆಟ್‌ನಲ್ಲಿ ಹಿಮ್ಮಡಿ ಮೇಲೆತ್ತಿ ಪಾದದ ಮುಂಭಾಗದ ಮೇಲೆ ತಿರುಗುತ್ತಾರೆ, ಇನ್ನೊಂದು ಕಾಲು ಮಡಿಚಿ ಮೊಣಕಾಲಿನ ಬಳಿ ಇರುತ್ತದೆ. ಕಥಕ್‌ನ ಒಂದು ಹೆಜ್ಜೆಯ ಚಕ್ಕರ್ ಎಡ ಹಿಮ್ಮಡಿಯ ಮೇಲೆ, ಎಡಕ್ಕೆ. ಬಲಗಾಲು ಪ್ರತಿ ಸುತ್ತಿಗೂ ನೆಲಕ್ಕೆ ಬಡಿದು ಮುಂದಿನದಕ್ಕೆ ತಳ್ಳು ಕೊಡುತ್ತದೆ. ಹಿಮ್ಮಡಿ ಇರುವುದು ಕಣಕಾಲಿನ ಹಿಂಬದಿಗೆ. ನಾವು ಸಹಜವಾಗಿ ನಿಂತಾಗ ಮೈಭಾರ ಬೀಳುವುದು ಕಣಕಾಲಿಗಿಂತ ತುಸು ಮುಂದೆ, ಪಾದದ ನಡುವಿನ ಕಡೆಗೆ. ಆ ಸಹಜ ನಿಲುವಿನಲ್ಲೇ ಚಕ್ಕರ್‌ಗೆ ಹೋದರೆ ತಿರುಗುವ ಬಿಂದು ಒಂದು ಕಡೆ, ಭಾರ ಇನ್ನೊಂದು ಕಡೆ. ಒಂದೊಂದು ಸುತ್ತಿಗೂ ಅಂಗುಲ ಅಂಗುಲ ಜಾರುವುದಕ್ಕೆ ಮುಖ್ಯ ಕಾರಣ ಇದು.

ಇದನ್ನು ಮೈಗೆ ಗೊತ್ತುಮಾಡಿಸುವುದು ಕಷ್ಟವಲ್ಲ. ಗೋಡೆಯಿಂದ ಒಂದು ಗೇಣು ದೂರದಲ್ಲಿ ಗೋಡೆಗೆ ಬೆನ್ನು ಮಾಡಿ ಎಡಗಾಲಿನ ಮೇಲೆ ನಿಲ್ಲಿ. ಬಲಗಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿರಲಿ. ಎಡಗಾಲಿನ ಬೆರಳುಗಳನ್ನು ಕಾಗದವೊಂದು ಕೆಳಗೆ ನುಸುಳುವಷ್ಟು ಮಾತ್ರ ಎತ್ತಿ, ಮೊಣಕಾಲನ್ನು ನೇರ ಇಡಿ. ಆದರೆ ಹಿಂದಕ್ಕೆ ಒತ್ತಿ ಬಿಗಿಯಬೇಡಿ. ಈಗ ಸೊಂಟದಲ್ಲಿ ಬಾಗದೆ, ಎದೆ ಉಬ್ಬಿಸದೆ, ಇಡೀ ಮೈಯನ್ನು ಒಂದೇ ಗೆರೆಯಾಗಿ ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ. ಕಾಲ್ಬೆರಳುಗಳು ನೆಲವನ್ನು ಹಿಡಿಯಲು ಚಡಪಡಿಸುವುದು ನಿಂತು, ಮೀನಖಂಡ ಸಡಿಲವಾಗುವ ಒಂದು ಜಾಗ ಸಿಗುತ್ತದೆ. ಅಕ್ಷ ಅದೇ. ಹೆಚ್ಚಿನವರು ಮೊದಲ ಸಲ ಅಲ್ಲಿಗೆ ಬಂದಾಗ ಹಿಂದಕ್ಕೆ ಬಿದ್ದೇಬಿಟ್ಟೆ ಎಂದು ಗಾಬರಿಯಾಗುತ್ತಾರೆ. ಗೋಡೆ ಇರುವುದು ಅದಕ್ಕೇ. ದಿನವೂ ಒಂದೆರಡು ನಿಮಿಷ ಅಲ್ಲಿ ನಿಲ್ಲುವುದು, ನಾಲ್ಕು ದಿನ ರೂಢಿಯಾದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ನೂರು ಚಕ್ಕರ್‌ಗಿಂತ ಹೆಚ್ಚು ಕಲಿಸುತ್ತದೆ. ಬೇಸರದ ಅಭ್ಯಾಸ, ನಿಜ. ವಿಡಿಯೊ ಮಾಡಿ ಹಾಕಿಕೊಳ್ಳಲೂ ಬಾರದು.

ಗುರುಗಳು ಐದು ಹೆಜ್ಜೆಯ ಚಕ್ಕರ್‌ನಿಂದ ಶುರುಮಾಡಿ ಮೂರಕ್ಕೆ, ಆಮೇಲೆ ಒಂದಕ್ಕೆ ತರುವುದರ ಹಿಂದೆಯೂ ಇದೇ ಲೆಕ್ಕವಿದೆ. ಐದು ಹೆಜ್ಜೆಯಲ್ಲಿ ಭಾರ ಎಡ-ಬಲ ಎರಡೂ ಕಾಲಿಗೆ ಹಂಚಿಹೋಗುವುದರಿಂದ ತಪ್ಪು ಕ್ಷಮಿಸಲ್ಪಡುತ್ತದೆ. ಒಂದು ಹೆಜ್ಜೆಗೆ ಬಂದಾಗ ಕ್ಷಮೆಯಿಲ್ಲ. ನಡುವೆ ನಾನು ಸೇರಿಸಬೇಕೆನ್ನುವುದು ಕಾಲು ಸುತ್ತಿನ ಅಭ್ಯಾಸ. ಸೀಮೆಸುಣ್ಣದಲ್ಲಿ ನೆಲದ ಮೇಲೆ ತಟ್ಟೆಯಗಲದ ವೃತ್ತ ಬರೆದು, ಸುಣ್ಣ ಸವರಿದ ಹಿಮ್ಮಡಿಯನ್ನು ನಡುವೆ ಇಟ್ಟು, ಕಾಲು ಸುತ್ತು ತಿರುಗಿ ನಿಂತುಬಿಡಿ. ನಿಂತಾಗ ಅಲುಗಾಡದಿದ್ದರೆ ಅರ್ಧ ಸುತ್ತು, ಆಮೇಲೆ ಪೂರ್ತಿ. ಹಿಮ್ಮಡಿಗೆ ಅಂಟಿದ ಸುಣ್ಣದ ಪುಡಿ ನೆಲದ ಮೇಲೆ ನಿಮ್ಮ ಜಾತಕ ಬರೆಯುತ್ತದೆ: ಚುಕ್ಕೆಯಾಗಿ ಉಳಿದರೆ ಅಕ್ಷ ಸರಿ, ಅಲ್ಪವಿರಾಮದ ಹಾಗೆ ಬಾಲ ಬೆಳೆದರೆ ಭಾರ ಬೆರಳುಗಳ ಕಡೆಗಿದೆ, ಚುಕ್ಕೆಗಳ ಸಾಲೇ ಮೂಡಿದರೆ ಹಿಮ್ಮಡಿ ತಿರುಗುವ ಬದಲು ಕುಪ್ಪಳಿಸುತ್ತಿದೆ. ಕನ್ನಡಿಯಲ್ಲಿ ಇದು ಯಾವುದೂ ಕಾಣುವುದಿಲ್ಲ.

ಇನ್ನು ತಳ್ಳು. ಬಲಗಾಲು ಜೋರಾಗಿ ಬಡಿದರೆ ಜೋರಾಗಿ ತಿರುಗುತ್ತೇವೆಂಬ ನಂಬಿಕೆಯಿದೆ. ನೇರ ಕೆಳಕ್ಕೆ ಬಡಿದದ್ದು ಸದ್ದು ಮಾಡುತ್ತದೆ, ತಿರುಗಿಸುವುದಿಲ್ಲ. ಪಾದ ನೆಲವನ್ನು ಅಡ್ಡಕ್ಕೆ ಒತ್ತಿದಾಗ ಮಾತ್ರ ನೆಲ ವಾಪಸ್ಸು ತಿರುವು ಕೊಡುತ್ತದೆ. ಹಿಮ್ಮಡಿ-ನೆಲದ ಘರ್ಷಣೆ ಸುತ್ತಿನಿಂದ ಸುತ್ತಿಗೆ ವೇಗವನ್ನು ತಿನ್ನುತ್ತಲೇ ಇರುವುದರಿಂದ, ಪ್ರತಿ ಸಲ ಅಷ್ಟಷ್ಟೇ ತುಂಬಿಕೊಡಬೇಕು. ಬ್ಯಾಲೆಯವರು ಇದಕ್ಕೆ ಕಾಲನ್ನು ಗಾಳಿಯಲ್ಲಿ ಬೀಸುವ ಫುಯೆಟೆ ಎಂಬ ಉಪಾಯ ಕಂಡುಕೊಂಡರು: ನಿಂತ ಕಾಲಿನ ಹಿಮ್ಮಡಿ ಗಳಿಗೆಹೊತ್ತು ನೆಲಕ್ಕಿಳಿದಾಗ ಹೊಸ ತಳ್ಳು, ಬೀಸಿದ ಕಾಲಿನಲ್ಲಿ ಉಳಿತಾಯವಾದ ತಿರುವು ಮಡಿಚಿದೊಡನೆ ದೇಹಕ್ಕೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ‘ಸ್ವಾನ್ ಲೇಕ್’ನಲ್ಲಿ ಪಿಯೆರಿನಾ ಲೆನ್ಯಾನಿ ಅಂಥ 32 ಹಾಕಿದ ಮೇಲೆ ಕಪ್ಪು ಹಂಸದ ಪಾತ್ರಕ್ಕೆ ಬಂದವರಿಗೆಲ್ಲ ಆ 32 ಬೆನ್ನಿಗಂಟಿದೆ. ಕಥಕ್‌ನ ಬಲಗಾಲಿನ ಪೆಟ್ಟು ಇದೇ ಕೆಲಸವನ್ನು ಇನ್ನೂ ಮಿತವ್ಯಯದಲ್ಲಿ ಮಾಡುತ್ತದೆ, ಜೊತೆಗೆ ತಾಳವನ್ನೂ ಹೇಳುತ್ತದೆ.

ಕೈಗಳ ಪಾತ್ರ ಎಲ್ಲರಿಗೂ ಗೊತ್ತಿರುವಂಥದ್ದು: ಚಾಚಿದರೆ ನಿಧಾನ, ಎದೆಯ ಹತ್ತಿರ ತಂದರೆ ವೇಗ. ಕೋನೀಯ ಸಂವೇಗ ಬದಲಾಗದೆ ಉಳಿಯುತ್ತದೆಂದು ಭೌತವಿಜ್ಞಾನದ ಪಾಠದಲ್ಲಿ ಓದಿದ್ದು ಇಲ್ಲಿ ಕೈಗೆ ಸಿಗುತ್ತದೆ. ಆದರೆ ಕೆಡುವುದು ಕೈ ಮುಚ್ಚುವ ರೀತಿಯಲ್ಲಿ. ಒಂದು ಕೈ ಮೊದಲು ಬಂದು ಇನ್ನೊಂದು ತಡವಾದರೆ, ಅಥವಾ ಸುಸ್ತಾಗಿ ಬಲ ಮೊಣಕೈ ಇಳಿದರೆ, ಭುಜ ಓರೆಯಾಗಿ ಅಷ್ಟು ಹೊತ್ತು ಹುಡುಕಿದ ಅಕ್ಷ ಕೈಬಿಡುತ್ತದೆ. 10-12 ಸುತ್ತಿನ ನಂತರ ಜಾರುವವರು ಕಾಲನ್ನು ದೂರುವ ಮೊದಲು ಮೊಣಕೈ ನೋಡಿಕೊಳ್ಳುವುದು ಒಳ್ಳೆಯದು.

ತಲೆಸುತ್ತಿನ ವಿಷಯಕ್ಕೆ ಬರೋಣ. ಕಿವಿಯ ಒಳಭಾಗದಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಲು ಶುರುವಾದಾಗ ದ್ರವ ಹಿಂದುಳಿಯುತ್ತದೆ. ಆ ಹಿಂದುಳಿಕೆಗೆ ಬಾಗುವ ಸೂಕ್ಷ್ಮ ರೋಮಕೋಶಗಳು ‘ತಿರುಗುತ್ತಿದ್ದೇವೆ’ ಎಂದು ಮಿದುಳಿಗೆ ತಿಳಿಸುತ್ತವೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ತಲೆಯ ವೇಗಕ್ಕೆ ಬಂದುಬಿಡುತ್ತದೆ. ಫಕ್ಕನೆ ನಿಂತಾಗ ನಾಳ ನಿಲ್ಲುತ್ತದೆ, ದ್ರವ ನಿಲ್ಲುವುದಿಲ್ಲ. ಮಿದುಳಿಗೆ ಈಗ ಉಲ್ಟಾ ತಿರುಗುತ್ತಿದ್ದೇವೆಂಬ ಸುದ್ದಿ. ಕಣ್ಣುಗಳು ಅದನ್ನು ನಂಬಿ ಪಟಪಟನೆ ಓಡಾಡುತ್ತವೆ, ಕೋಣೆ ಸುತ್ತುತ್ತದೆ. ಸಮ್ ಹಿಡಿದು ನಿಂತ ಮೇಲೆ ಹೆಜ್ಜೆ ತಪ್ಪುವುದು ಇದರಿಂದ.

ಸ್ಪಾಟಿಂಗ್ ಇದಕ್ಕೆ ಹೂಡಿದ ಉಪಾಯ. ದೇಹ ತಿರುಗಲು ಶುರುಮಾಡಿದರೂ ತಲೆ ಎದುರಿನ ಒಂದು ಗುರುತನ್ನು ಬಿಡದೆ ನಿಂತಿರುತ್ತದೆ. ಇನ್ನು ಕತ್ತು ತಿರುಗದು ಎನ್ನುವಾಗ ಚಕ್ಕನೆ ಹೊರಳಿ, ದೇಹಕ್ಕಿಂತ ಮೊದಲು ಅದೇ ಗುರುತಿಗೆ ಬಂದು ಕೂರುತ್ತದೆ. ತಲೆ ಎಡೆಬಿಡದೆ ತಿರುಗದ ಕಾರಣ ದ್ರವಕ್ಕೆ ಒಂದೇ ಓಟ ಸಿಗುವುದಿಲ್ಲ, ಕಣ್ಣಿಗೂ ಪ್ರತಿ ಸುತ್ತಿಗೆ ಒಂದು ನಿಲುಗಡೆ ಸಿಗುತ್ತದೆ. ಅಷ್ಟೇ ಮುಖ್ಯವಾಗಿ, ಎಷ್ಟು ತಿರುಗಿದ್ದೇವೆ ಎಂಬ ಲೆಕ್ಕ ತಪ್ಪುವುದಿಲ್ಲ. ಗುರುತು ಕಣ್ಣಿನ ಮಟ್ಟದಲ್ಲಿರಲಿ. ತಗ್ಗಿನಲ್ಲಿದ್ದರೆ ಗಲ್ಲ ಇಳಿಯುತ್ತದೆ, ಗಲ್ಲದ ಹಿಂದೆ ಭುಜ. ಕನ್ನಡಿಯಲ್ಲಿ ತನ್ನದೇ ಕಣ್ಣನ್ನು ಗುರುತು ಮಾಡಿಕೊಳ್ಳುವುದು ಹಲವರ ಚಟ. ಜಾರಿದಾಗ ಆ ಗುರುತೂ ಜೊತೆಗೇ ಜಾರುತ್ತದೆ, ಸಾಲದ್ದಕ್ಕೆ ರಂಗದ ಮೇಲೆ ಕನ್ನಡಿ ಇರುವುದಿಲ್ಲ. ಕತ್ತನ್ನು ಎಳೆದು ತಿರುಗಿಸಬಾರದು ಎಂಬುದೂ ನೆನಪಿರಲಿ. ಎರಡೂ ಕಾಲು ಊರಿ, ಸಣ್ಣ ಹೆಜ್ಜೆಯಲ್ಲಿ ನಿಧಾನ ತಿರುಗುತ್ತ ತಲೆಯ ಕೆಲಸವನ್ನಷ್ಟೇ ಪ್ರತ್ಯೇಕವಾಗಿ ರೂಢಿಸಿಕೊಳ್ಳುವುದು ವಾಸಿ.

ಎಲ್ಲರಿಗೂ ಸ್ಪಾಟಿಂಗ್ ಬೇಕೇ ಬೇಕೆಂದಿಲ್ಲ. ಟರ್ಕಿಯ ಕೊನ್ಯಾದಲ್ಲಿ ರೂಮಿಯ ಪರಂಪರೆಯಿಂದ ಬಂದ ಮೆವ್ಲೆವಿ ದರ್ವೇಶಿಗಳು ತಲೆಯನ್ನು ಹೀಗೆ ಹೊರಳಿಸದೆ ನಿಮಿಷಗಟ್ಟಲೆ ತಿರುಗುತ್ತಾರೆ. ಅವರದೂ ಎಡಗಾಲು ಊರಿ, ಬಲಗಾಲಿನಿಂದ ತಳ್ಳಿ, ಎಡಕ್ಕೆ ಸುತ್ತುವ ಕ್ರಮವೇ. ಹೊಸಬರು ಹಲಗೆಗೆ ಹೊಡೆದ ಮೊಳೆಯೊಂದನ್ನು ಎಡಗಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಇಟ್ಟುಕೊಂಡು ಕಲಿಯುತ್ತಾರೆ. ಜಾರುವ ಪ್ರಶ್ನೆಯೇ ಇಲ್ಲ. ಅವರ ವೇಗ ಒಂದೇ ಸಮ, ನಿಲ್ಲುವುದು ನಿಧಾನ. ಕಥಕ್‌ನಲ್ಲಿ ಸಮ್ ಬಂದೊಡನೆ ಕಂಬದಂತೆ ನಿಲ್ಲಬೇಕಲ್ಲ, ಅದರಿಂದ ನಮಗೆ ಆ ದಾರಿ ಒಗ್ಗದು.

ಅಭ್ಯಾಸದಿಂದ ಮಿದುಳೂ ಬದಲಾಗುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2013ರಲ್ಲಿ 29 ಬ್ಯಾಲೆ ನರ್ತಕಿಯರನ್ನೂ ದೋಣಿ ಹುಟ್ಟುಹಾಕುವ 20 ಕ್ರೀಡಾಪಟುಗಳನ್ನೂ ಕತ್ತಲ ಕೋಣೆಯಲ್ಲಿ ಕುರ್ಚಿಯಲ್ಲಿ ತಿರುಗಿಸಿ ನಿಲ್ಲಿಸಿ ನೋಡಿದರು. ಇನ್ನೂ ತಿರುಗುತ್ತಿದ್ದೇವೆಂಬ ಭ್ರಮೆ ನರ್ತಕಿಯರಲ್ಲಿ ಬೇಗ ಇಳಿಯಿತು. ಒಳಕಿವಿಯ ಸುದ್ದಿಯನ್ನು ಪರಿಷ್ಕರಿಸುವ ಕಿರುಮಿದುಳಿನ ಒಂದು ಭಾಗ ಅವರಲ್ಲಿ ಚಿಕ್ಕದಾಗಿತ್ತು. ಆ ಸುದ್ದಿಗೆ ಕಿವಿಗೊಡದಿರಲು ಮಿದುಳು ಕಲಿತಿರುತ್ತದೆ. ಇದಕ್ಕೆ ವರ್ಷಗಳು ಬೇಕು, ಹಾಗಾಗಿ ದಿನಕ್ಕೆ ಸ್ವಲ್ಪ, ಆದರೆ ಬಿಡದೆ. ಹೊಟ್ಟೆ ತೊಳಸುವಷ್ಟು ಹೊತ್ತು ತಿರುಗಿ ಹಟ ಸಾಧಿಸಿದರೆ ಮರುದಿನ ಅಭ್ಯಾಸಕ್ಕೆ ಮನಸ್ಸೇ ಬರದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ತಲೆ ಸುತ್ತುವುದು, ಕಿವಿಯಲ್ಲಿ ಮೊರೆತ ಕೇಳುವುದು ಇದ್ದರೆ ಮಾತ್ರ ಅದು ನೃತ್ಯದ ತೊಂದರೆಯಲ್ಲ, ವೈದ್ಯರನ್ನು ಕಾಣಬೇಕು.

ಭರತನಾಟ್ಯದವರಿಗೂ ಈ ಲೆಕ್ಕಗಳು ಅನ್ವಯಿಸುತ್ತವೆ. ನಂದಿಕೇಶ್ವರನ ‘ಅಭಿನಯ ದರ್ಪಣ’ ಉತ್ಪ್ಲುತ, ಚಕ್ರ, ಗರುಡ, ಏಕಪಾದ, ಕುಂಚಿತ, ಆಕಾಶ, ಅಂಗ ಎಂದು 7 ಭ್ರಮರಿಗಳನ್ನು, ಅಂದರೆ ಸುತ್ತುಗಳನ್ನು, ಹೇಳುತ್ತದೆ. ಒಂಟಿಕಾಲಿನ ಏಕಪಾದ ಭ್ರಮರಿಗೆ ಮೇಲಿನ ಗೋಡೆಯ ಅಭ್ಯಾಸ ನೇರವಾಗಿ ಒದಗುತ್ತದೆ. ಯಕ್ಷಗಾನದಲ್ಲಿ ಪಟ್ಟು ಬೇರೆ. ತೆಂಕುತಿಟ್ಟಿನ ಪುಂಡುವೇಷದವರು ಹಾರಿ ಸುತ್ತುವ ದಿಗಿಣದಲ್ಲಿ ಕಾಲು ನೆಲ ಬಿಟ್ಟ ಮೇಲೆ ಹೊಸ ತಿರುವು ಪಡೆಯಲು ಏನೂ ಸಿಗದು. ಎಲ್ಲವೂ ಚಿಮ್ಮುವ ಗಳಿಗೆಯಲ್ಲೇ ನಿರ್ಧಾರವಾಗಿರಬೇಕು. ಬಡಗುತಿಟ್ಟಿನವರು ಮೊಣಕಾಲೂರಿ ಸುತ್ತುವ ಮಂಡಿ ಹಾಕುವಾಗ ಗುರುತ್ವಕೇಂದ್ರ ನೆಲಕ್ಕೆ ಹತ್ತಿರವಿರುವುದರಿಂದ ಬೀಳುವ ಭಯ ಕಡಿಮೆ, ಬೆಲೆ ತೆರುವುದು ಮೊಣಕಾಲ ಚಿಪ್ಪು.

ನೆಲವನ್ನು ಮೊದಲೇ ನೋಡಿಟ್ಟುಕೊಳ್ಳಿ. ನುಣುಪಾದ ಮರದ ನೆಲದಲ್ಲಿ ಕಲಿತವರಿಗೆ ಸಭಾಭವನದ ಕಾರ್ಪೆಟ್ ಮೇಲೆ ಅದೇ ತಳ್ಳು ಅರ್ಧ ಸುತ್ತಿಗೂ ಸಾಲದು. ಜಾಸ್ತಿ ತಳ್ಳಲು ಹೋದರೆ ಹಿಮ್ಮಡಿ ಕಚ್ಚಿಕೊಂಡು ಮೊಣಕಾಲು ತಿರುಚುತ್ತದೆ. ಅಂಥ ಕಡೆ 27ರ ಆಸೆ ಬಿಟ್ಟು 9ಕ್ಕೆ ಇಳಿಯುವುದು ಜಾಣತನ. ಎದುರಿನ ದೀಪಗಳು ಬೆಳಗಿದ ಮೇಲೆ ಪ್ರೇಕ್ಷಕರ ಕಡೆ ಏನೂ ಕಾಣುವುದಿಲ್ಲವಾದ್ದರಿಂದ, ಬಾಗಿಲ ಮೇಲೆ ಉರಿಯುವ ‘ಎಕ್ಸಿಟ್’ ಫಲಕದಂಥ ಒಂದು ಗುರುತನ್ನು ರಿಹರ್ಸಲ್‌ನಲ್ಲೇ ಹುಡುಕಿಟ್ಟುಕೊಳ್ಳಬೇಕು. ಘೇರುಳ್ಳ ಅಂಗರಖಾ ತೊಟ್ಟಾಗ ಬಟ್ಟೆ ಅಗಲವಾಗಿ ಹರಡಿ ವೇಗ ತಗ್ಗಿಸುತ್ತದೆ. ನಿಂತ ಮೇಲೂ ಅರ್ಧ ಸುತ್ತು ಮುಂದೆ ಹೋಗಿ ಸೊಂಟವನ್ನು ಎಳೆಯುತ್ತದೆ. ಸಲ್ವಾರಿನಲ್ಲಿ ಮಾಡಿದ ಅಭ್ಯಾಸ ಇದಕ್ಕೆ ಸಾಕಾಗದು, ಕಡೆಯ ವಾರವಾದರೂ ವೇಷ ತೊಟ್ಟೇ ತಿರುಗಿ ನೋಡಬೇಕು. ಜಡೆ ಉದ್ದವಿದ್ದವರು ತುದಿಯನ್ನು ಸೊಂಟಪಟ್ಟಿಗೆ ಸಿಕ್ಕಿಸಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ನಿಂತ ಕೂಡಲೇ ಅದು ಮುಖಕ್ಕೆ ಬಡಿಯುತ್ತದೆ.