‘ಹೈಪರ್‌ಟೆನ್ಷನ್’ ಮತ್ತು ನಮ್ಮ ‘ಟೆನ್ಷನ್’

“ಅವರಿಗೆ ಬಿ.ಪಿ. ಇದೆಯಂತೆ” ಎಂಬ ಮಾತನ್ನು ಕೇಳದ ಮನೆ ನಮ್ಮ ನಗರಗಳಲ್ಲಿ ಇರಲಾರದು. ಮಾತನ್ನು ಅಕ್ಷರಶಃ ಹಿಡಿದರೆ ಇದೊಂದು ವಿನೋದವೇ ಸರಿ. ಬಿ.ಪಿ. ಎಂದರೆ ‘ಬ್ಲಡ್ ಪ್ರೆಷರ್’, ರಕ್ತದೊತ್ತಡ. ಅದು ಇಲ್ಲದ ಮನುಷ್ಯನು ಬದುಕಿರುವುದಾದರೂ ಹೇಗೆ? ಆದರೂ ಹೇಳಿದವರ ಅಭಿಪ್ರಾಯ ಕೇಳಿದವರಿಗೆ ತಿಳಿಯುತ್ತದೆ. ಒತ್ತಡವು ಮಿತಿಮೀರಿದೆ ಎಂಬುದೇ ಅದರ ತಾತ್ಪರ್ಯ. ಆದುದರಿಂದ ಈ ಪ್ರಯೋಗದಿಂದ ಹಾನಿಯೇನೂ ಇಲ್ಲ.

ಹಾನಿಯಾಗುವುದು ವೈದ್ಯರು ಚೀಟಿಯಲ್ಲಿ ಬರೆಯುವ ಇನ್ನೊಂದು ಶಬ್ದದಿಂದ. ಅದು ‘ಹೈಪರ್‌ಟೆನ್ಷನ್’. ‘ಟೆನ್ಷನ್’ ಎಂಬುದು ಈಗ ಬಹುಮಟ್ಟಿಗೆ ಕನ್ನಡದ ಶಬ್ದವೇ ಆಗಿಬಿಟ್ಟಿದೆ. ಪರೀಕ್ಷೆಯ ಟೆನ್ಷನ್, ಮಗಳ ಮದುವೆಯ ಟೆನ್ಷನ್, ಮನೆ ಕಟ್ಟಿಸುವವರ ಟೆನ್ಷನ್—ಹೀಗೆ ಚಿಂತೆ, ಕಳವಳ, ಆತಂಕಗಳಿಗೆಲ್ಲ ಅದೊಂದೇ ಹೆಸರು. ಇಂಥ ಕಿವಿಗೆ ‘ಹೈಪರ್‌ಟೆನ್ಷನ್’ ಎಂಬುದು ‘ಮಿತಿಮೀರಿದ ಚಿಂತೆ’ ಎಂದು ಕೇಳಿಸಿದರೆ ಆಶ್ಚರ್ಯವಿಲ್ಲ. ಅಲ್ಲಿಂದ ಮುಂದಿನ ತರ್ಕವೂ ಸಹಜವಾಗಿಯೇ ಬೆಳೆಯುತ್ತದೆ. “ನನಗೆ ಯಾವ ಯೋಚನೆಯೂ ಇಲ್ಲ, ನನಗೇಕೆ ಈ ಕಾಯಿಲೆ ಬಂದೀತು?” ಎನ್ನುವರು ಕೆಲವರು. “ಮಗಳ ಮದುವೆ ಮುಗಿಯಿತು, ನಿವೃತ್ತಿಯೂ ಆಯಿತು. ಇನ್ನು ಮಾತ್ರೆ ಏತಕ್ಕೆ?” ಎನ್ನುವರು ಮತ್ತೆ ಕೆಲವರು. ಒಂದು ಶಬ್ದದ ಅರ್ಥ ಹೀಗೆ ಜಾರಿದಾಗ, ಅದರ ಬೆಲೆಯನ್ನು ದೇಹ ತೆರಬೇಕಾಗುತ್ತದೆ.

ಶಬ್ದದ ವಂಶಾವಳಿ

‘ಹೈಪರ್’ ಎಂಬುದು ಗ್ರೀಕ್ ಮೂಲದ್ದು. ಮೇಲೆ, ಮಿತಿಮೀರಿ ಎಂದು ಅದರ ಅರ್ಥ. ಸಂಸ್ಕೃತದ ‘ಉಪರಿ’ ಅದರ ಜ್ಞಾತಿ. ‘ಟೆನ್ಷನ್’ ಬಂದದ್ದು ‘ಎಳೆ, ಬಿಗಿ’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ಅದಕ್ಕೂ ಸಂಸ್ಕೃತದ ‘ತನ್’ ಧಾತುವಿಗೂ ಮೂಲ ಒಂದೇ ಎಂಬುದು ಭಾಷಾಶಾಸ್ತ್ರಜ್ಞರ ಮತ. ‘ತಂತು’, ‘ತಂತ್ರಿ’ ಮೊದಲಾದ ಶಬ್ದಗಳು ಹುಟ್ಟಿದ್ದು ಆ ಧಾತುವಿನಿಂದಲೇ. ಆದುದರಿಂದ ‘ಟೆನ್ಷನ್’ ಎಂದರೆ ಮೊದಲಿಗೆ ವೀಣೆಯ ತಂತಿಯ ಬಿಗುವೇ ಹೊರತು ಮನಸ್ಸಿನ ಕಳವಳವಲ್ಲ. ಫ್ರೆಂಚರು ಇಂದಿಗೂ ರಕ್ತದೊತ್ತಡವನ್ನು ‘ಟೆನ್ಷನ್’ ಎಂದೇ ಕರೆಯುತ್ತಾರೆ. ವೈದ್ಯರ ಶಬ್ದದಲ್ಲಿರುವುದು ಈ ಹಳೆಯ ಅರ್ಥ. ರಕ್ತವು ಅಪಧಮನಿಗಳ ಗೋಡೆಯನ್ನು ಒತ್ತುವ ಬಲವು ಮಿತಿಮೀರಿದ ಸ್ಥಿತಿಯೇ ‘ಹೈಪರ್‌ಟೆನ್ಷನ್’.

ಈ ಬಲವನ್ನು ಮೊದಲು ಅಳೆದವನು ವೈದ್ಯನಲ್ಲ, ಒಬ್ಬ ಪಾದ್ರಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕುದುರೆಯೊಂದರ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತವು ಎಂಟು ಅಡಿಗೂ ಮೇಲಕ್ಕೆ ಏರಿತು. ಈ ಪ್ರಯೋಗದ ವಿವರವನ್ನು ಅವನು 1733ರಲ್ಲಿ ಪ್ರಕಟಿಸಿದನು. ರೋಗಿಯ ಮೇಲೆ ಇಂಥ ಪ್ರಯೋಗ ನಡೆಸುವಂತಿಲ್ಲವಷ್ಟೆ! ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸದ ಏರಿಳಿತದಿಂದ ಒತ್ತಡವನ್ನು ತಿಳಿಯುವ ಉಪಾಯವನ್ನು 1896ರಲ್ಲಿ ಇಟಲಿಯ ರಿವಾ ರೊಚ್ಚಿ ತೋರಿಸಿದನು. 1905ರಲ್ಲಿ ರಷ್ಯದ ಕೊರೊಟ್ಕೊಫ್ ಆ ಪಟ್ಟಿಯ ಕೆಳಗೆ ಸ್ಟೆತೊಸ್ಕೋಪನ್ನಿಟ್ಟು ನಾಳದ ಸದ್ದನ್ನು ಆಲಿಸಿದನು. ಸದ್ದು ಕೇಳಿಸತೊಡಗಿದಾಗ ಮೇಲಿನ ಅಂಕಿ, ಅಡಗಿದಾಗ ಕೆಳಗಿನ ಅಂಕಿ. ಮೊದಲನೆಯದು ಹೃದಯ ಸಂಕುಚಿಸಿದಾಗಿನ ಒತ್ತಡ, ಎರಡನೆಯದು ಅದು ಸಡಿಲಗೊಂಡಾಗಿನದು. 120/80 ಎಂದರೆ ಇಷ್ಟು ಮಿಲಿಮೀಟರ್ ಎತ್ತರದ ಪಾದರಸದ ಭಾರಕ್ಕೆ ಸಮನಾದ ಒತ್ತಡವೆಂದು ಅರ್ಥ. ಈಗ ಪಾದರಸದ ಯಂತ್ರಗಳು ಮರೆಯಾಗುತ್ತ ಬಂದಿದ್ದರೂ ಅಳತೆ ಮಾತ್ರ ಉಳಿದಿದೆ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕೂ ಮೇಲಿದ್ದರೆ ಅಧಿಕವೆನ್ನುವುದು ನಮ್ಮಲ್ಲಿ ರೂಢಿ.

‘ಅವಶ್ಯಕ’ವಾದ ರೋಗ!

ಶಬ್ದದಿಂದ ದಾರಿ ತಪ್ಪಿದವರು ನಾವಷ್ಟೇ ಅಲ್ಲ, ವೈದ್ಯರೂ ಒಮ್ಮೆ ತಪ್ಪಿದ್ದುಂಟು. ಬಹುಪಾಲು ರೋಗಿಗಳಲ್ಲಿ ಒತ್ತಡವೇರಲು ಬೇರಾವ ಕಾಯಿಲೆಯೂ ಕಾರಣವಾಗಿ ಕಾಣುವುದಿಲ್ಲ. ಇದಕ್ಕೆ 1911ರಲ್ಲಿ ಜರ್ಮನಿಯ ವೈದ್ಯ ಎಬರ್ಹಾರ್ಡ್ ಫ್ರಾಂಕ್ ‘ಎಸೆನ್ಷಿಯಲ್’ ಎಂಬ ವಿಶೇಷಣವನ್ನು ಹಚ್ಚಿದನು. ಅನ್ಯ ರೋಗದ ಫಲವಲ್ಲದೆ ತಾನಾಗಿ ಇರುವಂಥದು ಎಂಬುದು ಅದರ ಆಶಯ. ಆದರೆ ಲೋಕದಲ್ಲಿ ‘ಎಸೆನ್ಷಿಯಲ್’ ಎಂದರೆ ಅವಶ್ಯಕ! ಗಡುಸಾದ ನಾಳಗಳಲ್ಲಿ ರಕ್ತ ಹರಿಯಬೇಕಾದರೆ ಹೆಚ್ಚಿನ ಒತ್ತಡ ಬೇಕೇ ಬೇಕು, ಅದನ್ನು ತಗ್ಗಿಸಬಾರದು ಎಂಬ ನಂಬಿಕೆ ಅಂದು ಬಲವಾಗಿತ್ತು. ಹೆಸರು ಅದಕ್ಕೆ ಒತ್ತಾಸೆಯಾಗಿ ನಿಂತಿತು.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟರ ಒತ್ತಡವು 1944ರ ಮಾರ್ಚ್ ತಿಂಗಳಲ್ಲಿ 186/108 ಇತ್ತು. ಅದನ್ನು ಇಳಿಸುವ ಸಮರ್ಥವಾದ ಔಷಧ ಅಂದು ಅವರ ವೈದ್ಯರ ಕೈಯಲ್ಲಿರಲಿಲ್ಲ. 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡಾಗ ವಯಸ್ಸು ಅರವತ್ತಮೂರು.

ಔಷಧದ ದಾರಿ ತೆರೆದುದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಆಯುರ್ವೇದಕ್ಕೆ ಚಿರಪರಿಚಿತವಾದ ಸರ್ಪಗಂಧದ ಬೇರು ರಕ್ತದೊತ್ತಡವನ್ನು ತಗ್ಗಿಸುವುದೆಂದು ಮುಂಬಯಿಯ ಹೃದಯವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ಬರೆದು ಲೋಕದ ಗಮನವನ್ನು ಸೆಳೆದರು. ಆ ಬೇರಿನಿಂದ ‘ರಿಸರ್ಪಿನ್’ ಎಂಬ ಸಾರವನ್ನು 1952ರಲ್ಲಿ ಬೇರ್ಪಡಿಸಲಾಯಿತು. ಅಮೆರಿಕದಲ್ಲಿ ನಡೆದು 1967ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಕೆಳಗಿನ ಅಂಕಿ 115ರಿಂದ 129ರ ವರೆಗೆ ಇದ್ದ 143 ಮಂದಿಯ ಪೈಕಿ ಸುಮಾರು ಅರ್ಧ ಜನರಿಗೆ ರಿಸರ್ಪಿನ್ ಸೇರಿದ ನಿಜವಾದ ಮಾತ್ರೆಗಳನ್ನೂ ಉಳಿದವರಿಗೆ ಸತ್ವವಿಲ್ಲದ ಮಾತ್ರೆಗಳನ್ನೂ ಕೊಡಲಾಯಿತು. ಗಂಡಾಂತರಗಳು ಒದಗಿದ್ದು ಎರಡನೆಯ ಪಂಗಡದಲ್ಲಿ 27. ಮೊದಲನೆಯದರಲ್ಲಿ 2 ಮಾತ್ರ. ‘ಅವಶ್ಯಕ’ವೆಂಬ ಭ್ರಮೆ ಅಲ್ಲಿಗೆ ಹರಿಯಿತು.

ಮನಸ್ಸಿನ ಪಾತ್ರವೆಷ್ಟು?

ಹಾಗಾದರೆ ಮನಸ್ಸಿಗೂ ರಕ್ತದೊತ್ತಡಕ್ಕೂ ಸಂಬಂಧವೇ ಇಲ್ಲವೆ? ಉಂಟು. ಕೋಪ ಬಂದಾಗ, ಹೆದರಿದಾಗ ಒತ್ತಡ ಏರುತ್ತದೆ. ವೈದ್ಯರ ಬಿಳಿಯ ಕೋಟನ್ನು ಕಂಡೇ ಏರುವವರೂ ಉಂಟು. ಆದರೆ ಆ ಏರಿಕೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಒಂದೇ ಸಲದ ಅಳತೆಯನ್ನು ವೈದ್ಯರು ಸಾಮಾನ್ಯವಾಗಿ ನೆಚ್ಚದಿರುವುದು ಇದಕ್ಕಾಗಿಯೇ. ಇಳಿಯದೆ ನಿಲ್ಲುವ ಒತ್ತಡಕ್ಕೆ ವಂಶ, ವಯಸ್ಸು, ದೇಹದ ತೂಕ, ಮದ್ಯ, ಉಪ್ಪು ಮೊದಲಾದವುಗಳ ಬೆಂಬಲವಿರುತ್ತದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚಕ್ಕೂ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಈ ಲೆಕ್ಕಕ್ಕೆ ಸೇರಿದವೇ.

ಇನ್ನೂ ಒಂದು ಮಾತು. ಮನಸ್ಸಿನ ಟೆನ್ಷನ್ ಅನುಭವಿಸಿದವರಿಗೆ ತಿಳಿಯುತ್ತದೆ. ನಾಳದ ಟೆನ್ಷನ್ ಬಹುತೇಕ ತಿಳಿಯುವುದೇ ಇಲ್ಲ. ತಲೆನೋವಿಲ್ಲ, ನಿದ್ದೆ ಚೆನ್ನಾಗಿದೆ, ಊಟ ಸೇರುತ್ತದೆ. ಒಳಗೆ ಹೃದಯ, ಮೂತ್ರಪಿಂಡ, ಕಣ್ಣು, ಮಿದುಳುಗಳ ನಾಳಗಳು ಸವೆಯುತ್ತಿರುತ್ತವೆ. ಮಾತ್ರೆಯಿಂದ ಅಂಕಿ ಇಳಿದಿದ್ದರೆ ಅದು ಮಾತ್ರೆಯ ಫಲವೇ ಹೊರತು ರೋಗ ತೊಲಗಿತೆಂಬುದಕ್ಕೆ ಸಾಕ್ಷಿಯಲ್ಲ. ವೈದ್ಯರನ್ನು ಕೇಳದೆ ಅದನ್ನು ಬಿಟ್ಟವರಲ್ಲಿ ಅಂಕಿ ಮತ್ತೆ ಏರುವುದೇ ಹೆಚ್ಚು.

ಈ ಶಬ್ದಕ್ಕೆ ಕನ್ನಡದಲ್ಲಿ ‘ಅಧಿಕ ರಕ್ತದೊತ್ತಡ’ ಎಂಬ ಮಾತು ಉಂಟು. ಅದು ಯಾವುದರ ಒತ್ತಡವೆಂಬುದನ್ನು ಹೆಸರಿನಲ್ಲಿಯೇ ಹೇಳುತ್ತದೆ. ಮನೆಯ ಹಿರಿಯರು “ನನಗೆ ಟೆನ್ಷನ್ನೇ ಇಲ್ಲ, ಮಾತ್ರೆ ಏಕೆ?” ಎಂದಾಗ ಕಿರಿಯರು ಈ ಕನ್ನಡದ ಹೆಸರನ್ನೇ ಹೇಳಿ, ತೋಳಿಗೆ ಪಟ್ಟಿ ಸುತ್ತಿಸಿ, ಅಂಕಿಯನ್ನು ಒಮ್ಮೆ ತೋರಿಸುವುದು ಒಳ್ಳೆಯದು.