ಕೈತಯಾರಿಕೆಯ ಸಂಗೀತ ಶುಭಾಶಯ ಪತ್ರಗಳು: ಲಾಭದ ಲೆಕ್ಕ ತಪ್ಪುವುದೆಲ್ಲಿ?

ಸಂಕ್ರಾಂತಿಯಂದು ಕುಸುರೆಳ್ಳಿನೊಡನೆ ಶುಭಾಶಯ ಪತ್ರ ಹಂಚುವ ರೂಢಿ ಉತ್ತರ ಕರ್ನಾಟಕದ ಶಾಲಾ ಮಕ್ಕಳಲ್ಲಿ ಒಂದು ಕಾಲಕ್ಕೆ ವ್ಯಾಪಕವಾಗಿತ್ತು. ಮೊಬೈಲ್ ಸಂದೇಶಗಳು ಬಂದ ಮೇಲೆ ಅಗ್ಗದ ಮುದ್ರಿತ ಪತ್ರಗಳ ವ್ಯಾಪಾರ ಕುಗ್ಗಿತು. ಪುಕ್ಕಟೆ ಸಂದೇಶದೊಡನೆ ಬೆಲೆಯಲ್ಲಿ ಪೈಪೋಟಿ ನಡೆಸುವುದು ಸಾಧ್ಯವಿಲ್ಲ. ಆದ್ದರಿಂದ ಈ ಕ್ಷೇತ್ರದಲ್ಲಿ ಉಳಿದಿರುವ ಅವಕಾಶವೆಂದರೆ, ಪಡೆದವರು ಎತ್ತಿಟ್ಟುಕೊಳ್ಳುವಂಥ ಕೈತಯಾರಿಕೆಯ ಪತ್ರ. ಸಂಗೀತವನ್ನೇ ವಿಷಯವಾಗಿಟ್ಟುಕೊಂಡ ಇಂಥ ಪತ್ರಗಳ ಪುಟ್ಟ ಘಟಕವೊಂದನ್ನು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಂಥ ಊರಿನಲ್ಲಿ ಆರಂಭಿಸಲು ಯೋಚಿಸುವವರು ಯಾವ ಲೆಕ್ಕ ಹಾಕಬೇಕೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸ್ಥಳೀಯ ಅನುಕೂಲತೆಗಳು

ಕಚ್ಚಾ ಸಾಮಗ್ರಿಗೂ ವಿಷಯಕ್ಕೂ ಈ ಸೀಮೆಯಲ್ಲಿ ಕೊರತೆಯಿಲ್ಲ. ಕೈಕಾಗದದ ಮೂಲ ವಸ್ತುವೇ ಹತ್ತಿಯ ಚಿಂದಿ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಉಳಿಯುವ ತುಂಡು ನೂಲು ಅಲಂಕಾರಕ್ಕೆ ಒದಗುತ್ತದೆ. ಪತ್ರದ ಮೇಲಿನ ತಂಬೂರಿಗೆ ಅದೇ ನೂಲಿನ ನಾಲ್ಕು ಎಳೆ ಬಿಗಿದರೆ ತಂತಿಯಾಗುತ್ತದೆ. ಆದರೆ ಕೃತಕ ರೇಷ್ಮೆ, ಜರಿ ಬೆರೆತ ಚಿಂದಿ ಕಾಗದದ ತಿರುಳಿಗೆ ಸಲ್ಲದು. ಮೊದಲ ವರ್ಷ ಕಾಗದವನ್ನು ತಾವೇ ತಯಾರಿಸುವ ಸಾಹಸ ಬೇಡ. ಹಾಳೆ ಕೊಂಡು ಪತ್ರ ಮಾಡುವುದೇ ಕ್ಷೇಮ.

ವಿಷಯವನ್ನೂ ದೂರದಿಂದ ತರಬೇಕಿಲ್ಲ. ಶ್ರೀಕೃಷ್ಣ ಪಾರಿಜಾತದ ಹಾಡುಗಾರಿಕೆ, ಕರಡಿ ಮಜಲಿನ ವಾದ್ಯ, ತತ್ವಪದಕಾರರ ಏಕತಾರಿ ಇವೆಲ್ಲ ಈ ನೆಲದವೇ. ಮಿರಜದ ಸಿತಾರ ಹಾಗೂ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಧಾರವಾಡ, ಗದಗ, ಮಿರಜಗಳ ಗ್ರಾಹಕರು ವಾದ್ಯ ಬಲ್ಲವರು. ತಂಬೂರಿಗೆ ಮೆಟ್ಟಿಲು ಬರೆದರೆ ಆ ಪತ್ರ ಅಂಗಡಿಯಲ್ಲೇ ಉಳಿದೀತು.

ನೂರು ಪತ್ರಗಳ ವೆಚ್ಚ

22×30 ಇಂಚಿನ ಹಾಳೆಯೊಂದರಲ್ಲಿ, ಮಡಿಸಿದಾಗ 5×7 ಇಂಚು ಬರುವ 9 ಪತ್ರಗಳು ದೊರೆಯುತ್ತವೆ. ಹಾಳಾಗುವವನ್ನು ಸೇರಿಸಿ 110 ತಯಾರಿಸಿದರೆ ಮಾರಲು ಯೋಗ್ಯವಾದವು 100 ಎಂದಿಟ್ಟುಕೊಳ್ಳೋಣ. ಕೆಳಗಿನ ದರಗಳು ಕೇವಲ ಉದಾಹರಣೆಗಾಗಿ. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಹಾಳೆ 13, ತಲಾ ರೂ. 45ರಂತೆ: ರೂ. 585
ಲಕೋಟೆ: ರೂ. 300
ಬಣ್ಣ, ನೂಲು, ಅಂಟು: ರೂ. 200
ಪಾರದರ್ಶಕ ಚೀಲ: ರೂ. 100
ಸಾಗಾಣಿಕೆ, ವಿದ್ಯುತ್ತು, ಮಾದರಿ ಇತ್ಯಾದಿ: ರೂ. 365
ಕೂಲಿ, ಪತ್ರಕ್ಕೆ 15 ನಿಮಿಷದಂತೆ 27½ ಗಂಟೆ, ಗಂಟೆಗೆ ರೂ. 60: ರೂ. 1,650
ಒಟ್ಟು: ರೂ. 3,200

ಅಂದರೆ ಪತ್ರವೊಂದಕ್ಕೆ ತಗಲುವ ವೆಚ್ಚ ರೂ. 32. ಮನೆಯವರೇ ಕುಳಿತು ಮಾಡುವ ಉದ್ಯಮಗಳಲ್ಲಿ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ. ಆಗ ವೆಚ್ಚ ರೂ. 15.50 ಎಂದು ತೋರುತ್ತದೆ, ರೂ. 25ಕ್ಕೆ ಮಾರಿ ನೂರಕ್ಕೆ ರೂ. 950 ಲಾಭವಾಯಿತೆಂದು ಸಮಾಧಾನಪಡುತ್ತಾರೆ. ವಾಸ್ತವದಲ್ಲಿ ಅದು ಲಾಭವಲ್ಲ, 27½ ಗಂಟೆಗಳ ದುಡಿಮೆಯ ಪ್ರತಿಫಲ. ಗಂಟೆಗೆ ರೂ. 35 ಕೂಡ ಬೀಳಲಿಲ್ಲ. ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಕೆಲಸ ಮಾಡಿದ ಹೆಣ್ಣುಮಕ್ಕಳ ಕೈಯಲ್ಲಿ ಉಳಿಯುತ್ತದೆ. ಎರಡನೆಯ ವರ್ಷ ಅವರು ಕೆಲಸಕ್ಕೆ ಬಾರದಿದ್ದಾಗ ಘಟಕ ನಿಲ್ಲುತ್ತದೆ.

ಅಂಗಡಿಯ ಮೂಲಕ ಮಾರುವಾಗ ಇನ್ನೊಂದು ಎಚ್ಚರ ಬೇಕು. ವ್ಯಾಪಾರಿಯ ಪಾಲು ಶೇ. 40 ಇದ್ದು, ಶೇ. 20ರಷ್ಟು ಮಾಲು ಮರಳಿ ಬಂದರೆ, ರೂ. 60ರ ಬೆಲೆಯಲ್ಲಿ ನಮಗೆ ಬರುವುದು ರೂ. 2,880, ನಷ್ಟ ರೂ. 320. ಬೆಲೆ ರೂ. 75 ಇಟ್ಟರೆ ರೂ. 3,600 ಬಂದು ರೂ. 400 ಉಳಿಯುತ್ತದೆ. ಇಸವಿ ಅಥವಾ ಹಬ್ಬದ ಹೆಸರನ್ನು ಒಳಹಾಳೆಯ ಮೇಲೆ ಬೇರೆಯಾಗಿ ಅಂಟಿಸಿದರೆ, ಮರಳಿದ ಪತ್ರಗಳನ್ನು ಮುಂದಿನ ಹಂಗಾಮಿಗೆ ಬಳಸಬಹುದು. ಸಂಗೀತ ಶಾಲೆಗಳ ವಾರ್ಷಿಕೋತ್ಸವ, ಮದುವೆ ಮುಂತಾದವುಗಳಿಗೆ ಅರ್ಧ ಮುಂಗಡ ಪಡೆದು ಮಾಡಿಕೊಡುವುದು ಇದಕ್ಕಿಂತ ಸುರಕ್ಷಿತ.

ತೂಕವೂ ವೆಚ್ಚವೇ. 250 ಜಿಎಸ್ಎಂ ಕಾಗದದ ಪತ್ರ ಸುಮಾರು 11 ಗ್ರಾಂ, ಲಕೋಟೆ 5-6 ಗ್ರಾಂ. ಅಂಚೆಯ 20 ಗ್ರಾಂ ಮಿತಿಯೊಳಗೆ ಅಲಂಕಾರಕ್ಕೆ ಉಳಿಯುವುದು ಮೂರೇ ಗ್ರಾಂ.

ಹಂಗಾಮು ಮತ್ತು ದಾಸ್ತಾನು

ಹೊಸ ವರ್ಷ, ಸಂಕ್ರಾಂತಿಗಳ ಬೇಡಿಕೆ ಬರುವುದು ಕಬ್ಬು ನುರಿಸುವ ದಿನಗಳಲ್ಲಿ. ಆಗ ಹಳ್ಳಿಯಲ್ಲಿ ಕೈ ಖಾಲಿ ಇರುವುದಿಲ್ಲ. ಆದ್ದರಿಂದ ತಯಾರಿಕೆ ಅದಕ್ಕೆ ಮುಂಚೆಯೇ ಮುಗಿಯಬೇಕು. ಮಳೆಗಾಲದ ತೇವಕ್ಕೆ ಕಾಗದ ಸುರುಳಿಗಟ್ಟುತ್ತದೆ. ಕೃಷ್ಣೆಯ ದಂಡೆಯ ಊರುಗಳು 2019ರ ಆಗಸ್ಟ್ ಪ್ರವಾಹವನ್ನು ಮರೆತಿಲ್ಲ. ದಾಸ್ತಾನನ್ನು ಎತ್ತರದಲ್ಲಿಟ್ಟು ವಿಮೆ ಮಾಡಿಸುವುದು ಅಗತ್ಯ. ಆಗಸ್ಟಿನಲ್ಲಿ ಹಾಕಿದ ಹಣ ಫೆಬ್ರವರಿಯಲ್ಲಿ ಮರಳಿದರೆ, ಆರು ತಿಂಗಳ ಬಡ್ಡಿಯೂ ವೆಚ್ಚಕ್ಕೆ ಸೇರಬೇಕು.

ಕಾನೂನಿನ ಅಂಶಗಳು

ಹಾಡಿನ ಸಾಲನ್ನು ಪತ್ರದ ಮೇಲೆ ಅಚ್ಚು ಹಾಕುವ ಮುನ್ನ ಕೃತಿಸ್ವಾಮ್ಯವನ್ನು ಗಮನಿಸಬೇಕು. ಸಾಹಿತ್ಯ ಕೃತಿಗೆ ಕರ್ತೃವಿನ ಜೀವಿತಾವಧಿ ಹಾಗೂ ನಂತರದ 60 ವರ್ಷ ರಕ್ಷಣೆಯಿದೆ. 1981ರಲ್ಲಿ ನಿಧನರಾದ ದ.ರಾ. ಬೇಂದ್ರೆಯವರ ಗೀತೆಗಳಿಗೆ ಅದು 2041ರ ಅಂತ್ಯದವರೆಗೆ ಅನ್ವಯಿಸುತ್ತದೆ. ತೆರೆದೊಡನೆ ಹಾಡು ನುಡಿಸುವ ಚಿಪ್ ಅಳವಡಿಸಿದರೆ ಧ್ವನಿಮುದ್ರಣದ ಹಕ್ಕು ಬೇರೆಯೇ. ವಾದ್ಯದ ಸ್ವಂತ ಚಿತ್ರಕ್ಕೆ ಈ ತೊಡಕಿಲ್ಲ.

ಕರ್ನಾಟಕದೊಳಗೆ ಸರಕುಗಳನ್ನಷ್ಟೇ ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಸಾಮಾನ್ಯ ಮಿತಿ ವಾರ್ಷಿಕ ರೂ. 40 ಲಕ್ಷ. ಆದರೆ ಮಿರಜ, ಸಾಂಗಲಿಗಳಿಗೆ ಮಾರಿದರೆ ಅದು ಅಂತರರಾಜ್ಯ ಪೂರೈಕೆ. ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಅಧಿಸೂಚಿತ ಕರಕುಶಲ ವಸ್ತುಗಳಿಗೆ ರಿಯಾಯಿತಿ ಇರುವುದರಿಂದ, ತಮ್ಮ ಪತ್ರ ಆ ಪಟ್ಟಿಯಲ್ಲಿ ಬರುವುದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಉದ್ಯಮ್ ನೋಂದಣಿ ಉಚಿತ. ಅದನ್ನು ಮಾಡಿಸಿದ ಕಿರು ಉತ್ಪಾದಕರಿಗೆ, 2006ರ ಕಾಯದೆಯಂತೆ, ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು.

ಸಮಾರೋಪ

1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಸರಕಾರಕ್ಕೆ ಕಾಯದೆ ತಮ್ಮ ಹಣ, ತಮ್ಮ ಬೆವರು ಹಾಕಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದರು. ಅದು ಶ್ರಮಬಿಂದು ಸಾಗರವೆಂದೇ ಹೆಸರಾಯಿತು. ಅಲ್ಲಿ ಸುರಿದ ಬೆವರು ನೀರಾಗಿ ಹೊಲಕ್ಕೆ ಮರಳಿತು. ವ್ಯಾಪಾರದಲ್ಲಿ ಸುರಿದ ಬೆವರು ಮರಳಬೇಕಾದರೆ ಬೆಲೆಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರಲೇಬೇಕು. ಸಾರ್ವಜನಿಕ ಕಾರ್ಯಕ್ಕೆ ಶ್ರಮದಾನ ಭೂಷಣ. ಉದ್ಯಮಕ್ಕೆ ಅದು ಮಾರಕ. ಹೊಸ ಘಟಕ ಆರಂಭಿಸುವವರು ಬಣ್ಣ, ಕಾಗದ ಕೊಳ್ಳುವ ಮುನ್ನ ಒಂದು ಗಡಿಯಾರ, ಒಂದು ಹಾಜರಿ ಪುಸ್ತಕ ಕೊಳ್ಳಲಿ ಎಂಬುದೇ ಈ ಲೇಖಕನ ಸಲಹೆ.